ಹುಳ ಹೇಗಿವೆ ಎಂದು ಕೇಳಿದರೆ

ನಮ್ಮ ಮನೆಯಲ್ಲಿ ಯಾರಾದರೂ ಎರಡು ಮುದ್ದೆ ಮುಗಿಸಿ ಮೂರನೆಯದಕ್ಕೆ ಕೈ ಚಾಚಿದರೆ, ಪಕ್ಕದಲ್ಲಿ ಕೂತವರು ‘ಬಿಡ್ರಪ್ಪ, ನಾಲ್ಕನೇ ಜ್ವರ ಎದ್ದಿದಾನೆ’ ಅನ್ನುತ್ತಾರೆ. ಹೊಸಬರು ಗಾಬರಿಯಾಗಿ ತಿನ್ನುವವನ ಹಣೆ ಮುಟ್ಟಿ ನೋಡಿದ್ದೂ ಉಂಟು. ಇದು ರೇಷ್ಮೆ ಹುಳ ಸಾಕುವವರ ಮಾತು. ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದನ್ನೇ ಇಲ್ಲಿ ಜ್ವರ ಅನ್ನುವುದು. ನಾಲ್ಕನೆಯದು ಕಳೆದು ಎದ್ದ ಹುಳಕ್ಕೆ ಹಗಲು ರಾತ್ರಿ ಇಲ್ಲ. ಎಷ್ಟು ಸೊಪ್ಪು ಸುರಿದರೂ ಬರೀ ಕಡ್ಡಿ ಉಳಿಸುತ್ತದೆ.

ತಿಂದು ತಿಂದು ಸಾಕಾದ ಮೇಲೆ ಹುಳ ಹಣ್ಣಾಗುತ್ತದೆ. ಮೈ ಅರಿಶಿನ ಬಣ್ಣಕ್ಕೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುತ್ತಾ ತಲೆಯನ್ನು ಅತ್ತಿತ್ತ ಆಡಿಸುತ್ತದೆ. ಆಗ ಅದನ್ನು ಆಯ್ದು ಚಂದ್ರಿಕೆಗೆ, ಅಂದರೆ ಸುರುಳಿ ಸುರುಳಿಯಾಗಿ ದಬ್ಬೆ ಕಟ್ಟಿದ ಬಿದಿರಿನ ತಟ್ಟಿಗೆ ಬಿಡಬೇಕು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮಾವ ಕಣ್ಣು ಅರೆಮುಚ್ಚಿ ದಿಂಬಿಗಾಗಿ ತಲೆ ಆಡಿಸುವಾಗ ಅತ್ತೆ ಹೇಳುವುದು ಒಂದೇ ಮಾತು: ‘ಹಣ್ಣಾದ್ರು. ಚಂದ್ರಿಕೆಗೆ ಬಿಡಿ.’

ನಮ್ಮ ಮನೆ, ನಮ್ಮ ಮಾವ ಎಂದು ಈಗ ಸಲೀಸಾಗಿ ಬರೆಯುತ್ತೇನೆ. ಇದು ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ, ನನ್ನ ಗಂಡನ ಮನೆ. ನಾನು ಹುಟ್ಟಿದ್ದು ಗೌರಿಬಿದನೂರಿನಲ್ಲಿ, ರೈಲು ಹಳಿಯ ಪಕ್ಕದ ಬೀದಿಯಲ್ಲಿ. ಅಪ್ಪನಿಗೆ ಅಲ್ಲಿ ಹೊಲಿಗೆ ಅಂಗಡಿ. ಹಿಂದೂಪುರದ ಕಡೆಯ ಗಾಡಿ ಬಂದರೆ ನಮ್ಮ ಮನೆಯಲ್ಲಿ ಎಂಥ ಜಗಳವಾದರೂ ಅರ್ಧಕ್ಕೆ ನಿಲ್ಲುತ್ತಿತ್ತು, ಯಾಕೆಂದರೆ ಯಾರಿಗೂ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಗಾಡಿ ದಾಟಿದ ಮೇಲೆ ‘ರೈಲು ಹೋಯ್ತು, ಹೇಳು’ ಎಂದು ಮತ್ತೆ ಶುರು. ಇದು ನಮಗೆ ಎಷ್ಟು ರೂಢಿಯಾಗಿತ್ತೆಂದರೆ ಮಿಕ್ಸಿ ನಿಂತರೂ, ಫೋನ್ ಇಟ್ಟರೂ, ಅಳುವ ಮಗು ಸುಮ್ಮನಾದರೂ ನಾವು ಹೇಳುವುದು ‘ರೈಲು ಹೋಯ್ತು, ಹೇಳು’ ಎಂದೇ. ಮದುವೆಯಾದ ಹೊಸದರಲ್ಲಿ ನಾನು ಮಾವನಿಗೆ ಹಾಗಂದೆ. ಅವರು ಬಹಳ ಗಂಭೀರವಾಗಿ, ‘ಈ ಊರಿಗೆ ರೈಲಿಲ್ಲಮ್ಮ. ಶಿಡ್ಲಘಟ್ಟಕ್ಕೇ ಹೋಗ್ಬೇಕು’ ಅಂದರು.

ನನಗೆ ಮಾತು ಜಾಸ್ತಿ, ಸಿಟ್ಟೂ ಜಾಸ್ತಿ. ಚಿಕ್ಕಬಳ್ಳಾಪುರದ ಶಾಲೆಯೊಂದರಲ್ಲಿ ವಿಜ್ಞಾನದ ಮೇಡಂ. ಪ್ರಶ್ನೆ ಕೇಳುವುದೂ ಉತ್ತರ ಬರುವವರೆಗೆ ಬಿಡದಿರುವುದೂ ನನ್ನ ಕಸುಬು. ಈ ಮನೆಯಲ್ಲಿ ಪ್ರಶ್ನೆಗಳಿಗೇ ಒಂದು ಮಡಿ ಇತ್ತು. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ‘ದೂರಾನಾ?’ ಅನ್ನಬೇಕು. ಹುಳ ಮನೆಯಲ್ಲಿದ್ದಾಗ ಒಗ್ಗರಣೆ ಹಾಕುವುದಿದ್ದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಹಿತ್ತಲಿಗೆ ಹೋಗಿ ನೋಡಿಕೊಂಡು ಬರಬೇಕು. ಮಾವನ ಕಾಲದಲ್ಲಿ ಮನುಷ್ಯರೂ ಹುಳುಗಳೂ ಒಂದೇ ಸೂರಿನ ಕೆಳಗಿದ್ದರಂತೆ, ಸಾಸಿವೆಯ ಘಾಟು ಹುಳಕ್ಕೆ ಆಗುವುದಿಲ್ಲವಂತೆ. ಈಗ ಹುಳದ ಮನೆ ಬೇರೆಯೇ ಇದೆ, ನಡುವೆ ದೊಡ್ಡ ಅಂಗಳವಿದೆ. ಆದರೂ ಗಾಳಿ ನೋಡುವುದು ತಪ್ಪಿಲ್ಲ. ಎಷ್ಟೋ ಸಲ ಸಾಸಿವೆ ಕೈಯಲ್ಲಿ ಹಿಡಿದು ಮರದ ಎಲೆ ಅಲ್ಲಾಡುವುದನ್ನೇ ನೋಡುತ್ತಾ ನಿಂತಿದ್ದೇನೆ. ಆಗೆಲ್ಲ ನಾನು ಮಕ್ಕಳಿಗೆ ಹೇಳಿಕೊಡುವ ವಿಜ್ಞಾನದ ಪಾಠ ನೆನಪಾಗಿ ನಗು ಬರುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿತ್ತು. ‘ಹುಳ ಹೇಗಿವೆ?’ ಎಂದು ಯಾರಾದರೂ ಕೇಳಿದರೆ ‘ಚೆನ್ನಾಗಿವೆ’ ಅನ್ನುವಂತಿಲ್ಲ. ‘ಏನೋ ಇದಾವೆ’ ಅನ್ನಬೇಕು. ಅದೂ ಸ್ವಲ್ಪ ಮುಖ ಸಣ್ಣ ಮಾಡಿಕೊಂಡು. ಬೆಳೆ ಎಷ್ಟು ಚೆನ್ನಾಗಿದ್ದರೆ ಮುಖ ಅಷ್ಟು ಸಣ್ಣದು. ಈ ‘ಏನೋ ಇದಾವೆ’ ಹುಳದ ಮನೆಯಿಂದ ಹೊರಬಿದ್ದು ಇಡೀ ಮನೆಗೆ ಹಬ್ಬಿತ್ತು. ಹಸು ಹೇಗಿದೆ, ತೋಟ ಹೇಗಿದೆ, ಮಗನ ಕೆಲಸ ಹೇಗಿದೆ, ಎಲ್ಲದಕ್ಕೂ ಅದೇ ಉತ್ತರ.

ನನಗೆ ಮಗಳು ಹುಟ್ಟಿ, ಬಾಣಂತನ ಮುಗಿಸಿ ಇಲ್ಲಿಗೆ ಬಂದ ವಾರ ಅಮ್ಮ ಫೋನ್ ಮಾಡಿದಳು. ಅತ್ತೆ ಎತ್ತಿಕೊಂಡರು. ‘ಪಾಪು ಹೇಗಿದೆ ಅಕ್ಕ?’ ಎಂದು ಅಮ್ಮ ಕೇಳಿದಳು. ಅತ್ತೆ, ‘ಏನೋ ಇದೆ ಬಿಡಿ’ ಅಂದರು. ಅಮ್ಮ ಆಮೇಲೆ ನನಗೆ ಫೋನ್ ಮಾಡಿ ಅತ್ತೇಬಿಟ್ಟಳು. ‘ಹೆಣ್ಣು ಅಂತ ಅವ್ರಿಗೆ ಬೇಜಾರೇನೇ? ನಿಜ ಹೇಳು. ಏನೋ ಇದೆ ಅಂತಾರಲ್ಲ, ಅದೇನು ಮಾತು!’ ಅತ್ತೆ ಆ ಹೊತ್ತಿಗೆ ಮಗುವಿನ ಅಂಗಾಲಿಗೆ ಕಾಡಿಗೆ ಬೊಟ್ಟು ಇಟ್ಟು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅದರ ಹೊಟ್ಟೆಗೆ ಮೂಗು ಉಜ್ಜುತ್ತಿದ್ದರು. ‘ಏನೋ ಇದೆ’ ಅಂದರೆ ಕಣ್ಣು ಬೀಳುವಷ್ಟು ಚೆನ್ನಾಗಿದೆ ಎಂದು ಅರ್ಥ ಎಂಬುದನ್ನು ಅಮ್ಮನಿಗೆ ಒಪ್ಪಿಸುವಷ್ಟರಲ್ಲಿ ನನಗೆ ಸಾಕಾಯಿತು.

ಅಮ್ಮನದು ತದ್ವಿರುದ್ಧ. ನನ್ನ ತವರಿನಲ್ಲಿ ಯಾರ ಮನೆಗೆ ಹೋದರೂ ಅಲ್ಲಿಂದ ಎದ್ದು ಬರುವ ಮೊದಲು ಏನಾದರೊಂದನ್ನು ಬಾಯಿತುಂಬ ಹೊಗಳಬೇಕು. ಸಾರನ್ನೋ, ಪರದೆಯನ್ನೋ, ಏನೂ ಇಲ್ಲದಿದ್ದರೆ ಬಾವಿ ನೀರನ್ನೋ. ‘ಹೊಗಳ್ದೇ ಬಂದ್ರೆ ಹೊಟ್ಟೆಕಿಚ್ಚು ಅಂದ್ಕೊಳ್ತಾರೆ ಕಣೇ’ ಎಂದು ಅಮ್ಮ ಚಿಕ್ಕಂದಿನಿಂದ ನಮಗೆ ಹೇಳಿಕೊಟ್ಟಿದ್ದಳು. ಒಂದು ಮನೆಯಲ್ಲಿ ಹೊಗಳದಿದ್ದರೆ ತಪ್ಪು, ಇನ್ನೊಂದರಲ್ಲಿ ಹೊಗಳಿದರೆ ತಪ್ಪು. ಈ ಎರಡು ಮನೆಗಳ ನಡುವೆ ಬರೀ ಎರಡು ಬಸ್ಸಿನ ದಾರಿ. ನಾನು ಇಬ್ಬರಿಗೂ ಮೊದಲೇ ಹೇಳಿಟ್ಟಿದ್ದರೆ ಚೆನ್ನಾಗಿತ್ತು ಎಂದು ಈಗ ಯಾರು ಬೇಕಾದರೂ ಹೇಳಬಹುದು. ಮೂಗಿನ ಮೇಲಿನ ಕನ್ನಡಕದ ಬಗ್ಗೆ ಯಾರು ಯಾರಿಗೆ ಹೇಳುತ್ತಾರೆ?

ಅಮ್ಮ ಬಂದದ್ದು ಜಡಿಮಳೆ ಹಿಡಿದಿದ್ದ ವಾರದಲ್ಲಿ. ಮೊಮ್ಮಗಳನ್ನು ನೋಡಬೇಕೆನಿಸಿ ಫೋನೂ ಮಾಡದೆ ಮಂಚೇನಹಳ್ಳಿ ಮೇಲಿನ ಬಸ್ಸು ಹತ್ತಿ ಬಂದಿದ್ದಳು. ತಲೆಯಲ್ಲಿ ಮಲ್ಲಿಗೆ, ಕೈಯಲ್ಲಿ ಕಡಲೆಕಾಯಿ ಉಂಡೆಯ ಡಬ್ಬಿ. ಹುಳ ನಾಲ್ಕನೇ ಜ್ವರ ಎದ್ದು ಮೈದುಂಬಿಕೊಂಡಿದ್ದವು. ಅಂಥ ಸಮಯದಲ್ಲಿ ಹೊರಗಿನವರನ್ನು ಹುಳದ ಮನೆಗೆ ಬಿಡುವುದಿಲ್ಲ. ಕಾಲಿನಲ್ಲಿ ರೋಗ ಬರುತ್ತದೆ ಎಂದು ಇಲಾಖೆಯವರೂ ಹೇಳುತ್ತಾರೆ, ಕಣ್ಣಿನಲ್ಲಿ ಬರುತ್ತದೆ ಎಂದು ಊರಿನವರೂ ಹೇಳುತ್ತಾರೆ. ಆದರೆ ಅಮ್ಮ ಬೀಗಿತ್ತಿ. ಮಗಳನ್ನು ಕೊಟ್ಟವಳು ಬಾಗಿಲಲ್ಲಿ ನಿಂತು ‘ನೋಡ್ಲಾ ಅಕ್ಕ?’ ಅಂದರೆ ಬೇಡ ಅನ್ನಲು ಅತ್ತೆಗೆ ಬಾಯಿ ಬರಲಿಲ್ಲ. ಹೂ ತೆಗೆಸಿ, ಸುಣ್ಣದ ಪುಡಿಯ ಮೇಲೆ ಕಾಲಿಡಿಸಿ, ಒಳಗೆ ಬಿಟ್ಟರು.

ಒಳಗೆ ಹೋದ ಅಮ್ಮ ತನಗೆ ಗೊತ್ತಿದ್ದ ಮರ್ಯಾದೆಯನ್ನು ಚಾಚೂ ತಪ್ಪದೆ ಪಾಲಿಸಿದಳು. ‘ಅಯ್ಯೋ ಅಕ್ಕ, ಎಷ್ಟು ಚೆನ್ನಾಗಿದಾವೆ! ಮಲ್ಲಿಗೆ ಮೊಗ್ಗು ಸುರಿದಂಗೆ ಇದಾವಲ್ಲ! ಒಂದಾದ್ರೂ ಸೊರಗಿದ್ದು ಇದೆಯಾ ನೋಡಿ. ಈ ಸಲ ಶಿಡ್ಲಘಟ್ಟದ ಮಾರ್ಕೆಟ್ಟಲ್ಲಿ ನಿಮ್ಮ ಗೂಡೇ ಗೂಡು!’

ಮಾವ ಕೆಮ್ಮಿದರು. ಸೊಪ್ಪು ಹಾಕುತ್ತಿದ್ದ ನನ್ನ ಗಂಡ ಕೈಯಲ್ಲಿದ್ದ ಕಟ್ಟನ್ನು ಹಾಗೇ ಹಿಡಿದು ನಿಂತರು. ಅತ್ತೆ ಮಾತ್ರ, ‘ಬನ್ನಿ ಅಕ್ಕ, ಕಾಫಿ ಆರೋಗುತ್ತೆ’ ಎಂದು ಮೆಲ್ಲಗೆ ಹೊರಗೆ ಕರೆತಂದರು. ಅಮ್ಮ ಕಾಫಿ ಕುಡಿಯುತ್ತಿರುವಾಗ ಅತ್ತೆ ಉಪ್ಪು ಮೆಣಸಿನಕಾಯಿ ತೆಗೆದುಕೊಂಡು ಹುಳದ ಮನೆಯ ಬಾಗಿಲಿಗೆ ನಿವಾಳಿಸಿ, ಅಂಗಳದಾಚೆ ಒಲೆಗೆ ಹಾಕಿ ಬಂದರು. ಕಿಟಕಿಯಿಂದ ಅಮ್ಮ ಅದನ್ನು ನೋಡಿದಳು. ನಿವಾಳಿಸುವುದು ಅವಳಿಗೂ ಗೊತ್ತಿಲ್ಲದ್ದೇನಲ್ಲ. ನಮ್ಮನ್ನು ಮದುವೆ ಮನೆಗಳಿಂದ ಕರೆತಂದಾಗಲೆಲ್ಲ ಮಾಡುತ್ತಿದ್ದಳು. ಲೋಟ ಕೆಳಗಿಟ್ಟು, ‘ನಾನೇನಾದ್ರೂ ತಪ್ಪು ಅಂದ್ನಾ ಅಕ್ಕ?’ ಎಂದು ಕೇಳಿದಳು. ಅತ್ತೆಯ ತವರು ಚಿಂತಾಮಣಿಯ ಆಚೆ, ಆಂಧ್ರದ ಗಡಿಗೆ ತಾಗಿದ ಊರು. ಮನಸ್ಸಿನ ಮಾತು ಬಂದರೆ ಅವರಿಗೆ ತೆಲುಗೇ. ‘ಪೋನೀಲೇ’ ಅಂದರು. ಹೋಗಲಿ ಬಿಡಿ ಎಂದು.

ಆ ಬೆಳೆ ಹೋಯಿತು. ವಾರ ತುಂಬುವ ಮೊದಲೇ ಹುಳಕ್ಕೆ ಸಪ್ಪೆ ರೋಗ ಬಂತು. ತಿನ್ನುವುದನ್ನು ನಿಲ್ಲಿಸಿ, ಮೆತ್ತಗಾಗಿ, ಕಪ್ಪಾಗಿ ವಾಸನೆ ಹಿಡಿದವು. ಹಿತ್ತಲಲ್ಲಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿದರು. ಕಾರಣ ಎಲ್ಲರಿಗೂ ಗೊತ್ತಿತ್ತು. ಮಳೆಯಲ್ಲಿ ಕೊಯ್ದ ಸೊಪ್ಪನ್ನು ಒಣಗಿಸಲು ಜಾಗವಿಲ್ಲದೆ ನೀರು ಸೋರುವಂತೆಯೇ ಹಾಕಿದ್ದೆವು. ನಾನೇ ಎರಡು ಸಲ ಹಾಕಿದ್ದೆ. ಆದರೂ ಪಕ್ಕದ ಮನೆಯ ಹೆಂಗಸು ಬಂದು ಗುಂಡಿ ನೋಡಿ ಕೇಳಿದ್ದು ಸೊಪ್ಪಿನ ವಿಷಯವನ್ನಲ್ಲ. ಇಲ್ಲಿ ಹುಳ ಹೋದ ಮನೆಯಲ್ಲಿ ಎಲ್ಲರೂ ಕೇಳುವುದನ್ನೇ ಕೇಳಿದಳು: ‘ಯಾರಾದ್ರೂ ಬಂದಿದ್ರಾ?’ ಅತ್ತೆ ‘ಸೊಪ್ಪಲ್ಲಿ ನೀರಿತ್ತು’ ಎಂದಷ್ಟೇ ಹೇಳಿ ಒಳಗೆ ಹೋದರು.

ಯಾರೂ ನನಗೆ ಏನೂ ಅನ್ನಲಿಲ್ಲ. ಅದೇ ನನಗೆ ತಡೆಯಲಾಗದೆ ಹೋದದ್ದು. ಅತ್ತೆಯ ಬೈಗುಳ ಒಂದಿದೆ: ‘ನಿನ್ ಬಾಯಿಗೆ ಸೊಪ್ಪು ಹಾಕ!’ ಹುಳದ ಹಾಗೆ ತಿನ್ನುತ್ತಾ ಸುಮ್ಮನಿರು ಎಂದು. ಮಗನಿಗೆ, ಮಗಳಿಗೆ, ಮೊಮ್ಮಗಳಿಗೆ, ಬೆಳಗಿನ ಹೊತ್ತು ಕೂಗುವ ಕೋಳಿಗೆ, ಟಿವಿಯಲ್ಲಿ ಕಿರುಚಾಡುವವರಿಗೆ, ಎಲ್ಲರಿಗೂ ಇದು ದಿನಕ್ಕೆ ನಾಲ್ಕಾರು ಸಲ ಬೀಳುತ್ತದೆ. ನನಗೆ ಒಂದು ಸಲವೂ ಬಿದ್ದಿರಲಿಲ್ಲ. ನಾನು ಹಾಲು ಉಕ್ಕಿಸಿದರೂ ‘ಪರವಾಗಿಲ್ಲ ಬಾಮ್ಮ’, ನಡುಮನೆಯಲ್ಲಿ ಗಂಡನೊಡನೆ ಜಗಳವಾಡಿದರೂ ‘ಪರವಾಗಿಲ್ಲ ಬಾಮ್ಮ’. ಬೆಳೆ ಹೋದ ಮೇಲೆ ಈ ಮೆತ್ತನೆ ಮಾತು ಇನ್ನೂ ಮೆತ್ತಗಾಯಿತು. ನನಗೆ ನಾನು ಛತ್ರದಲ್ಲಿ ಇಳಿದುಕೊಂಡವಳ ಹಾಗೆ ಅನ್ನಿಸುತ್ತಿತ್ತು.

ಅಮ್ಮ ಫೋನಿನಲ್ಲಿ ‘ಹುಳ ಹೇಗಿದಾವೆ?’ ಎಂದು ಕೇಳಿದಾಗ ನಾನು ‘ಏನೋ ಇದಾವೆ’ ಅಂದೆ. ಅಷ್ಟರಲ್ಲಿ ಅದರ ಅರ್ಥ ಕಲಿತಿದ್ದ ಅಮ್ಮನಿಗೆ ಸಮಾಧಾನವಾಯಿತು. ಆದರೆ ನನ್ನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲ. ಇನ್ಯಾವುದೋ ದಿನ ಅಮ್ಮ ಗೂಡಿನ ವಿಷಯ ತೆಗೆದಾಗ, ‘ಗೂಡೆಲ್ಲಿ ಬಂತತ್ತೆ, ಅದೇ ವಾರ ಎಲ್ಲಾ ಹೋದ್ವಲ್ಲ’ ಎಂದುಬಿಟ್ಟರು. ಅದೇ ವಾರ ಎಂಬ ಎರಡು ಪದಗಳನ್ನು ಅವರು ಸುಮ್ಮನೆ ಹೇಳಿದ್ದು. ಅಮ್ಮ ಸುಮ್ಮನೆ ಕೇಳಿಸಿಕೊಳ್ಳಲಿಲ್ಲ.

ಅಲ್ಲಿಂದ ಅಮ್ಮ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದಳು. ಬರುವುದಿಲ್ಲ ಎಂದು ಹೇಳಲಿಲ್ಲ. ಚಿಕ್ಕಬಳ್ಳಾಪುರಕ್ಕೆ ಬರುತ್ತಿದ್ದಳು. ನನ್ನ ಶಾಲೆ ಬಿಡುವ ಹೊತ್ತಿಗೆ ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಕೂತಿರುತ್ತಿದ್ದಳು. ಶನಿವಾರವಾದರೆ ನಾನು ಮಗಳನ್ನೂ ಕರೆದುಕೊಂಡು ಹೋಗುತ್ತಿದ್ದೆ. ಮೂವರೂ ದೋಸೆ ತಿನ್ನುತ್ತಿದ್ದೆವು. ಅಮ್ಮ ಮಾಣಿಯ ಎದುರು ಚಟ್ನಿಯನ್ನು ಹೊಗಳುತ್ತಿದ್ದಳು, ಮೊಮ್ಮಗಳಿಗೆ ಹೊಲಿದು ತಂದ ಲಂಗವನ್ನು ಅಳತೆ ನೋಡಲು ಹೋಟೆಲಿನ ಕೈ ತೊಳೆಯುವ ಜಾಗದಲ್ಲಿ ತೊಡಿಸುತ್ತಿದ್ದಳು, ಆಮೇಲೆ ಗೌರಿಬಿದನೂರಿನ ಬಸ್ಸು ಹತ್ತುತ್ತಿದ್ದಳು. ನಾವು ಶಿಡ್ಲಘಟ್ಟದ ಬಸ್ಸು. ‘ಇಷ್ಟು ದೂರ ಬಂದಿದೀಯ, ಇನ್ನೊಂದು ಬಸ್ಸು ಹತ್ತಿದ್ರೆ ಮನೆ’ ಎಂದರೆ, ‘ನಿಮ್ಮಲ್ಲಿ ಹುಳ ಇರುತ್ತಲ್ಲಮ್ಮ, ಯಾಕೆ ಬಿಡು’ ಅನ್ನುತ್ತಿದ್ದಳು. ‘ಈಗ ಹುಳ ಇಲ್ಲ’ ಎಂದರೆ, ‘ಮುಂದಿನ ಬೆಳೆಗೆ ತಯಾರಿ ಇರುತ್ತಲ್ಲ’ ಅನ್ನುತ್ತಿದ್ದಳು. ಸ್ವಂತ ಅಮ್ಮನನ್ನು ಬಸ್ ನಿಲ್ದಾಣದಲ್ಲಿ ಭೇಟಿ ಮಾಡುವುದು ಎಷ್ಟು ಬೇಸರದ ಕೆಲಸ ಎಂದು ನಾನು ಯಾರಿಗೂ ಹೇಳಲಿಲ್ಲ. ಮಗಳಿಗೆ ಮಾತ್ರ ಅಜ್ಜಿಯ ಮನೆ ಎಂದರೆ ಆ ಹೋಟೆಲೇ ಎಂಬ ನಂಬಿಕೆ ಬಂದುಬಿಟ್ಟಿತ್ತು.

ಮಗಳ ಕಿವಿ ಚುಚ್ಚಿಸುವ ದಿನ ಗೊತ್ತಾಯಿತು. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸಬೇಕು, ಹಾಗಾಗಿ ತಮ್ಮ ಬಂದ. ಅಪ್ಪನೂ ಅಂಗಡಿ ಮುಚ್ಚಿ ಬಂದರು. ಅಮ್ಮ ಬರಲಿಲ್ಲ. ಮಂಡಿನೋವಂತೆ. ಅದರ ಹಿಂದಿನ ಶನಿವಾರವಷ್ಟೇ ಅದೇ ಮಂಡಿಯಲ್ಲಿ ಚಿಕ್ಕಬಳ್ಳಾಪುರದ ಬಸ್ಸು ಹತ್ತಿ ಇಳಿದಿದ್ದಳು. ಮಗು ಅಳುವಾಗ ಎತ್ತಿಕೊಳ್ಳಲು ಎರಡು ಅಜ್ಜಿಯರಿರಬೇಕಿತ್ತು, ಒಬ್ಬರೇ ಇದ್ದರು. ನನಗೆ ದಿನವಿಡೀ ಸಿಟ್ಟು ಬರುತ್ತಲೇ ಇತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ.

ಸಂಜೆ ನೆಂಟರೆಲ್ಲ ಹೋದ ಮೇಲೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆವು. ಅತ್ತೆ, ‘ನಿಮ್ಮಮ್ಮನಿಗೆ ಮಂಡಿನೋವು ಅಂದ್ರಲ್ಲ, ಎಣ್ಣೆ ಕಾಯಿಸಿ ಕಳಿಸ್ಲಾ? ನಮ್ಮೂರ ಕಡೆ ಒಂದು ಸೊಪ್ಪಿನ ಎಣ್ಣೆ ಮಾಡ್ತಾರೆ’ ಅಂದರು.

ನನಗೆ ರೇಗಿಹೋಯಿತು. ‘ಮಂಡಿನೋವೂ ಇಲ್ಲ, ಏನೂ ಇಲ್ಲ ಅತ್ತೆ. ನೀವು ಅವತ್ತೇ ಬೈದುಬಿಟ್ಟಿದ್ರೆ ನಮ್ಮಮ್ಮ ಇವತ್ತು ಬರ್ತಿದ್ಲು.’

ಅತ್ತೆ ತಿಕ್ಕುವುದನ್ನು ನಿಲ್ಲಿಸಿದರು. ‘ನಾನೇನಂದೆ?’

‘ಏನೂ ಅನ್ಲಿಲ್ಲ. ಅದೇ ನಾನು ಹೇಳ್ತಿರೋದು. ಬೇರೆಯೋರಾಗಿದ್ರೆ ಬಾಯಿಗೆ ಸೊಪ್ಪು ಹಾಕ ಅಂತಿದ್ರಿ. ಅವಳೂ ಅಯ್ಯೋ ತಪ್ಪಾಯ್ತು ಅಂತಿದ್ಲು. ಮುಗೀತಿತ್ತು. ನೀವು ಸುಮ್ನಿದ್ರಿ. ಹುಳ ಹೋಗಿದ್ದು ತನ್ನಿಂದಾನೇ ಅಂತ ತಲೇಲಿ ಇಟ್ಕೊಂಡು ಕೂತಿದಾಳೆ. ನಾನು ನಮ್ಮಮ್ಮನ ಮುಖ ಬಸ್ ಸ್ಟ್ಯಾಂಡಲ್ಲಿ ನೋಡ್ತಿದೀನಿ.’

ಇಷ್ಟು ಹೇಳುವಷ್ಟರಲ್ಲಿ ನಾನು ಅಳುತ್ತಿದ್ದೆ, ಕೈ ತುಂಬ ಸೋಪು. ಅತ್ತೆ ‘ಪರವಾಗಿಲ್ಲ ಬಾಮ್ಮ’ ಅನ್ನುತ್ತಾರೆ, ನಾನು ಪಾತ್ರೆ ಎತ್ತಿ ಒಗೆಯುತ್ತೇನೆ ಎಂದು ತಯಾರಾಗಿದ್ದೆ. ಅವರು ಹಾಗನ್ನಲಿಲ್ಲ. ಕೈ ತೊಳೆದುಕೊಂಡು, ಕಟ್ಟೆಯ ಮೇಲೆ ಕೂತು, ನಾನು ಅದುವರೆಗೆ ಕೇಳದಿದ್ದ ಒಂದು ಸಂಗತಿ ಹೇಳಿದರು.

ಅವರು ಈ ಮನೆಗೆ ಸೊಸೆಯಾಗಿ ಬಂದ ವರ್ಷ ಹುಳಕ್ಕೆ ಸುಣ್ಣಕಟ್ಟು ರೋಗ ಬಂದಿತ್ತು. ಹುಳವೆಲ್ಲ ಬಳಪದ ಹಾಗೆ ಬೆಳ್ಳಗೆ ಗಟ್ಟಿಯಾಗಿ ಸತ್ತವು. ಅವರ ಅತ್ತೆ, ಅಂದರೆ ನಾನು ನೋಡದ ಆ ಮುದುಕಿ, ತುಂಬಿದ ಮನೆಯಲ್ಲಿ ಒಂದೇ ಒಂದು ಮಾತು ಅಂದಿದ್ದರಂತೆ: ‘ಇವಳು ಕಾಲಿಟ್ಟ ಗಳಿಗೆ.’ ಆ ಹೊತ್ತಿಗೆ ಸರಿಯಾಗಿ ಮಗಳನ್ನು ನೋಡಲು ಬಂದ ಅತ್ತೆಯ ಅಪ್ಪ ಜಗಲಿಯ ಮೇಲೆ ಕೂತಿದ್ದರು. ಕೇಳಿಸಿಕೊಂಡರು. ತಂದಿದ್ದ ಹಣ್ಣಿನ ಚೀಲವನ್ನು ಅಲ್ಲೇ ಇಟ್ಟು, ಎದ್ದು ನಡೆದರು.

‘ಆಮೇಲೆ ನಮ್ಮಪ್ಪ ಈ ಮನೇಲಿ ನೀರು ಕುಡೀಲಿಲ್ಲ ಕಣಮ್ಮ. ಸಾಯೋವರ್ಗೂ ಇಲ್ಲ. ಊರಾಚೆ ಹುಣಸೇಮರದ ಹತ್ರ ನಿಂತ್ಕೊಂಡು ಯಾರ ಕೈಲಾದ್ರೂ ಹೇಳಿ ಕಳಿಸೋರು. ನಾನು ಅಲ್ಲಿಗೆ ಓಡೋಗಿ ನೋಡ್ಕೊಂಡು ಬರ್ತಿದ್ದೆ.’ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ‘ಆ ಮಾತು ಒಂದ್ಸಲ ಹೊರಗೆ ಬಿತ್ತು ನೋಡು, ಆಮೇಲೆ ಯಾವಾಗ ಹುಳ ಹೋದ್ರೂ ಅದೇ. ಹಸು ಸತ್ರೂ ಅದೇ. ಅದಕ್ಕೇ, ನಾನು ಸತ್ರೂ ಹುಳದ ವಿಷ್ಯಕ್ಕೆ ಈ ಮನೆ ಸೊಸೆಗೆ ಒಂದು ಮಾತು ಅನ್ನಲ್ಲ, ಅವಳ ಕಡೆಯೋರಿಗೂ ಅನ್ನಲ್ಲ ಅಂತ ಇದ್ದೆ. ಬಾಯಿ ಬಿಗಿ ಹಿಡ್ಕೊಂಡಿದ್ದೆ. ನೀನು ನೋಡಿದ್ರೆ ಅದೇ ತಪ್ಪು ಅಂತೀಯ.’

ಇಷ್ಟು ವರ್ಷ ಅತ್ತೆ ನನ್ನನ್ನು ದೂರ ಇಡುತ್ತಿದ್ದಾರೆ ಅಂದುಕೊಂಡಿದ್ದೆ, ಅವರು ನನ್ನನ್ನು ಕಾಪಾಡುತ್ತಿದ್ದರು. ಅವರ ಮೇಲೆ ಇದ್ದ ಸಿಟ್ಟೆಲ್ಲ ಹೋಗಿ, ಆ ನೋಡದ ಮುದುಕಿಯ ಮೇಲೆ ಬಂತು. ಆದರೂ ಅಮ್ಮ ಬರುತ್ತಿಲ್ಲ ಎಂಬುದು ಹಾಗೇ ಉಳಿದಿತ್ತಲ್ಲ! ಅದನ್ನೂ ಹೇಳಿದೆ. ‘ನಿಮ್ಮಪ್ಪ ಮಾತು ಕೇಳಿ ಹೋದ್ರು, ನಮ್ಮಮ್ಮ ಮಾತು ಕೇಳದೆ ಹೋದ್ಲು. ಹುಣಸೇಮರಕ್ಕೂ ಬಸ್ ಸ್ಟ್ಯಾಂಡಿಗೂ ಏನತ್ತೆ ವ್ಯತ್ಯಾಸ?’

ಅಮ್ಮನ ಮಂಡಿನೋವು ಸುಳ್ಳು ಎಂಬುದು ನಾನು ಹೇಳುವವರೆಗೆ ಅತ್ತೆಗೆ ನಿಜವಾಗಿಯೂ ಗೊತ್ತಿರಲಿಲ್ಲ. ಎದ್ದು ಮಿಕ್ಕ ಪಾತ್ರೆಗಳನ್ನು ಗಲಬರಿಸಿದರು, ಮತ್ತೆ ಆ ವಿಷಯ ಎತ್ತಲಿಲ್ಲ.

ಮುಂದಿನ ಬೆಳೆಯ ಹುಳ ಬಂದವು, ಬೆಳೆದವು, ನಾಲ್ಕನೇ ಜ್ವರಕ್ಕೆ ಕೂತು ಎದ್ದವು. ಎದ್ದ ದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಅತ್ತೆ, ‘ನಿಮ್ಮಮ್ಮನಿಗೆ ಫೋನ್ ಹಚ್ಚು’ ಅಂದರು. ಹಚ್ಚಿ ಕೊಟ್ಟೆ.

‘ಅಕ್ಕ, ಹುಳ ಎದ್ದಿದಾವೆ. ಕೂಲಿಯೋರು ಸಿಕ್ತಿಲ್ಲ, ಸೊಪ್ಪು ಹಾಕೋಕೆ ಕೈ ಸಾಲ್ತಿಲ್ಲ. ಬರ್ತೀರಾ?’

ಆ ಕಡೆ ಅಮ್ಮ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಅತ್ತೆ ಸ್ವಲ್ಪ ದನಿ ಏರಿಸಿದರು. ‘ಅದೆಲ್ಲಾ ಬೇಡ. ಬನ್ನಿ. ಹಳೇ ಸೀರೆ ಎರಡು ತಗೊಂಡ್ ಬನ್ನಿ, ಸೊಪ್ಪಿನ ಕರೆ ಹೋಗಲ್ಲ. ಗೂಡು ಬಿಡಿಸೋವರ್ಗೂ ಇರ್ಬೇಕು.’

ಮಾವ ಅಂಗಳದಲ್ಲಿ ನಿಂತು ಕೇಳಿಸಿಕೊಂಡಿದ್ದರು. ‘ಕರಿಯೋದು ಕರೀತೀಯ, ಗೂಡಾದ್ ಮೇಲೆ ಕರೀಬಾರ್ದಾ?’ ಎಂದು ಗೊಣಗಿದರು. ಅತ್ತೆ ಗಂಡನಿಗೆ ನೇರವಾಗಿ ಬೈಯುವವರಲ್ಲ. ಗೋಡೆಯ ಕಡೆ ತಿರುಗಿ, ಗೋಡೆಯ ಬಾಯಿಗೆ ಸೊಪ್ಪು ಹಾಕಿದರು. ಮಾವ ತೋಟಕ್ಕೆ ಹೋದರು.

ಮಾರನೆಯ ದಿನ ಅಮ್ಮ ಬಂದಳು. ಈ ಸಲ ಮಲ್ಲಿಗೆ ಇರಲಿಲ್ಲ, ಉಂಡೆಯ ಡಬ್ಬಿ ಇರಲಿಲ್ಲ, ಎರಡು ಹಳೇ ಸೀರೆಯ ಬ್ಯಾಗು ಮಾತ್ರ ಇತ್ತು. ಬಾಗಿಲಲ್ಲಿ ಹಿಂದುಮುಂದು ನೋಡುತ್ತಾ ನಿಂತಿದ್ದವಳ ಕೈಗೆ ಅತ್ತೆ ಸೊಪ್ಪಿನ ಪುಟ್ಟಿ ಕೊಟ್ಟರು. ಅಮ್ಮ ಒಳಗೆ ಬಂದಳು.

ಅಮ್ಮ ಇದ್ದ ಅಷ್ಟೂ ದಿನ ಹುಳದ ಮನೆಯಲ್ಲಿ ಬಾಯಿ ಬಿಡಲಿಲ್ಲ. ಸೆರಗನ್ನು ಬಾಯಿಗೆ ಅಡ್ಡ ಕಟ್ಟಿಕೊಂಡು ಸೊಪ್ಪು ಹಾಕುತ್ತಿದ್ದಳು. ಹೊಗಳುವ ಚಟ ಅಷ್ಟು ಸುಲಭವಾಗಿ ಬಿಡುತ್ತದೆಯೇ? ಹೊರಗೆ ಬಂದವಳೇ ಹಸುವಿನ ಕೊಂಬು, ನೀರಿನ ತೊಟ್ಟಿ, ಮಾವನ ಹೊಸ ಟಾರ್ಪಾಲು, ಕಣ್ಣಿಗೆ ಬಿದ್ದದ್ದನ್ನೆಲ್ಲ ಹೊಗಳುತ್ತಿದ್ದಳು. ಮಾವನಿಗೆ ಟಾರ್ಪಾಲಿನ ಹೊಗಳಿಕೆ ತುಂಬಾ ಹಿಡಿಸಿತು. ಹುಳ ಹಣ್ಣಾದ ದಿನ ನಾನು ರಜೆ ಹಾಕಿದ್ದೆ. ಬೀಗಿತ್ತಿಯರಿಬ್ಬರೂ ಎದುರುಬದುರು ಕುಕ್ಕರುಗಾಲಲ್ಲಿ ಕೂತು ಹಣ್ಣು ಹುಳ ಆಯುತ್ತಿದ್ದರು. ಅತ್ತೆ ತೆಲುಗಿನಲ್ಲಿ ಏನೋ ಹೇಳುತ್ತಿದ್ದರು, ಅಮ್ಮ ತನ್ನ ಹಿಂದೂಪುರದ ಕಡೆಯ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದಳು. ನಾನು ಇಬ್ಬರನ್ನೂ ನೋಡಿ ಮನಸ್ಸಿನಲ್ಲೇ ಏನೇನೋ ಹರಕೆ ಹೊತ್ತೆ. ವಿಜ್ಞಾನದ ಮೇಡಂ ಎಂಬುದನ್ನು ಮರೆತು, ಈ ಬೆಳೆ ಒಂದು ಆಗಿಬಿಡಲಿ ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡೆ.

ಬೆಳೆ ಪೂರ್ತಿ ಆಗಲಿಲ್ಲ. ಅರ್ಧದಷ್ಟು ಹುಳ ಗೂಡು ಕಟ್ಟಿದವು. ಮಿಕ್ಕವು ಚಂದ್ರಿಕೆಯ ಮೇಲೆಯೇ ಸತ್ತವು, ಇಲ್ಲವೇ ಬೆರಳಿನಿಂದ ಒತ್ತಿದರೆ ಒಳಗೆ ಹೋಗುವಷ್ಟು ತೆಳುವಾದ ಗೂಡು ಕಟ್ಟಿ ಸೋತವು. ಇದ್ದಕ್ಕಿದ್ದಂತೆ ಚಳಿ ಬಿದ್ದಿತ್ತು, ಸುತ್ತಮುತ್ತ ಬಹಳ ಮನೆಗಳಲ್ಲಿ ಹೀಗೇ ಆಗಿತ್ತು. ಆದರೆ ಅಮ್ಮನಿಗೆ ಸುತ್ತಮುತ್ತಲ ಮನೆಗಳು ಕಾಣಿಸಲಿಲ್ಲ. ಗೂಡು ಬಿಡಿಸಿ ಮುಗಿಸಿದ ಆ ಮಧ್ಯಾಹ್ನವೇ ಬ್ಯಾಗು ಕಟ್ಟಿ ಬಾಗಿಲ ಹತ್ತಿರ ಇಟ್ಟಳು. ಸಂಜೆಯ ಬಸ್ಸಿಗೆ ಹೋಗುತ್ತೇನೆ ಅಂದಳು. ಮುಖ ನೋಡಿದರೆ ಗೊತ್ತಾಗುತ್ತಿತ್ತು, ಇದು ಕೊನೆಯ ಸಲ. ಇನ್ನು ಮೇಲೆ ಚಿಕ್ಕಬಳ್ಳಾಪುರಕ್ಕೂ ಬರುತ್ತಾಳೋ ಇಲ್ಲವೋ ಎಂದು ನನಗೆ ಹೆದರಿಕೆಯಾಯಿತು.

ಆಗ ಪಕ್ಕದ ಮನೆಯ ಹೆಂಗಸು ಬಂದಳು. ಜಗಲಿಯಲ್ಲಿ ಹರವಿದ್ದ ತೆಳು ಗೂಡುಗಳನ್ನು ಕೈಯಲ್ಲಿ ಆಡಿಸಿ, ಲೊಚಗುಟ್ಟಿದಳು. ಅಮ್ಮ ಅಡುಗೆಮನೆಯ ಬಾಗಿಲಿನ ಮರೆಗೆ ಸರಿದಳು. ನಾನು ಅವಳ ಪಕ್ಕದಲ್ಲೇ ಇದ್ದೆ.

‘ಅಲ್ಲಕ್ಕ, ಎದ್ದಾಗ ಚೆನ್ನಾಗಿದ್ವು ಅಂತಿದ್ರು. ಯಾರೋ ಬಂದಿದ್ರಂತಲ್ಲ, ಹೊರಗಿನೋರು?’

ಅತ್ತೆ ಗೂಡು ಆರಿಸುವುದನ್ನು ಬಿಟ್ಟು ತಲೆ ಎತ್ತಲೂ ಇಲ್ಲ. ‘ಹೊರಗಿನೋರು ಯಾರೂ ಬಂದಿಲ್ಲ ಕಣೇ. ನಾವು ಮನೆಯೋರೇ ಇದ್ದಿದ್ದು.’

ಆಮೇಲೆ ಅವರು ಒಳಗೆ ಬರುವಾಗ ಬಾಗಿಲ ಹತ್ತಿರವಿದ್ದ ಬ್ಯಾಗನ್ನು ಎತ್ತಿ ತಮ್ಮ ಕೋಣೆಯಲ್ಲಿಟ್ಟು ಬಂದರು. ಅಮ್ಮ ಆ ಸಂಜೆಯ ಬಸ್ಸಿಗೆ ಹೋಗಲಿಲ್ಲ.